ಡೋರೀನಳಿಗೆ ಸಿಕ್ಕ ಮೊದಲ ಸರದಿ

ಬೆಳಿಗ್ಗೆ ಎಂಟಕ್ಕೆ ನಮ್ಮ ಕ್ಲಿನಿಕ್ಕಿನ ಫೋನ್ ತೆರೆದದ್ದೇ ತಡ, ಇಂಗ್ಲೆಂಡಿನ ಈ ಬಾರ್ನ್ಸ್‌ಲಿಯ ಅರ್ಧ ಊರು ಅದರ ಮೇಲೆ ಮುಗಿಬೀಳುತ್ತದೆ. ಎಂಟೂ ಹತ್ತಕ್ಕೆ ಆ ದಿನದ ಡಾಕ್ಟರ ಸಮಯವೆಲ್ಲ ಭರ್ತಿ. ಆಮೇಲೆ ಸಿಕ್ಕವರಿಗೆ ನಾಳೆ ಎಂಟಕ್ಕೆ ಫೋನ್ ಮಾಡಿ ಎನ್ನುವುದು, ಬೈಸಿಕೊಳ್ಳುವುದು. ಹತ್ತೊಂಬತ್ತು ವರ್ಷ ಹೀಗೆ ಬೈಸಿಕೊಂಡವಳು ಸ್ವಾಗತ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿಯ ಡೋರೀನ್ ಕ್ರ್ಯಾಬ್‌ಟ್ರೀ. ಬೈದವರ ಮೊಮ್ಮಕ್ಕಳ ಹೆಸರೂ ಅವಳಿಗೆ ಬಾಯಿಪಾಠ.

ಈ ಚಳಿಗಾಲ ಅವಳ ದನಿ ಒಡೆಯಿತು. ಏಳು ವಾರವಾದರೂ ಸರಿಹೋಗಲಿಲ್ಲ. ಅವಳಮ್ಮ ತೀರಿಕೊಂಡದ್ದು ಗಂಟಲ ಕ್ಯಾನ್ಸರಿನಿಂದ. ಡಾಕ್ಟರ ಕೋಣೆ ಅವಳ ಕುರ್ಚಿಯಿಂದ ಹನ್ನೊಂದು ಹೆಜ್ಜೆ. ಹೋಗಿ ಬಾಗಿಲು ತಟ್ಟು ಮಾರಾಯ್ತಿ ಎಂದರೆ, ಸರದಿ ಮುರಿಯುವವಳು ನಾನಲ್ಲ, ಎಲ್ಲರ ಹಾಗೆ ಎಂಟಕ್ಕೆ ಫೋನ್ ಮಾಡಿಯೇ ಬರುತ್ತೇನೆ ಎಂದಳು. ಎಂಟಕ್ಕೆ ಆ ಫೋನ್ ಎತ್ತಬೇಕಾದವಳೂ ಅವಳೇ! ಇಂಥ ಹಟಮಾರಿಗೆ ಏನು ಹೇಳುವುದು?

ದಿನಾ ಸಾಲಿನಲ್ಲಿ ಮೊದಲಿಗ ವಿಲ್ಫ್ ಆಗ್ಡೆನ್, ಎಂಬತ್ತೊಂದರ ಹಳೆಯ ಗಣಿ ಕಾರ್ಮಿಕ. ಎಂಟಾಗುವ ಮುಂಚೆಯೇ ಗುಂಡಿ ಒತ್ತುತ್ತ ಕೂರುವ ಆಸಾಮಿ. ಮೊದಲ ಸ್ಥಾನ ಸಿಕ್ಕಿದ್ದನ್ನು ಪಬ್ಬಿನಲ್ಲಿ ಹೇಳಿಕೊಂಡು ಮೆರೆಯುತ್ತಾನೆ. ಒಂದು ಮಂಗಳವಾರ ಅವನ ಫೋನ್ ಎತ್ತಿ, ಇವತ್ತೇನು, ಮೊಣಕಾಲೋ ಎದೆಯೋ ಎಂದು ಡೋರೀನ್ ಕೇಳಿದಳು. ಅವನ ಉತ್ತರ ನನ್ನ ಕುರ್ಚಿಗೂ ಕೇಳಿಸಿತು.

"ನಂಗೇನೂ ಆಗಿಲ್ಲ ತಾಯಿ. ಇವತ್ತಿನ ಮೊದಲ್ನೇ ಟೈಮು ನಿನ್ ಹೆಸ್ರಿಗೆ ಬರ್ಕೋ."

"ಬೇರೆಯವ್ರಿಗೆ ಬರೆಸ್ಬೇಕಾದ್ರೆ ಅವ್ರ ಒಪ್ಗೆ ಬೇಕು, ಮಿಸ್ಟರ್ ಆಗ್ಡೆನ್."

"ಹಂಗಾದ್ರೆ ಒಪ್ಕೋ. ದಿನಾ ನಿನ್ ದನಿ ಕೇಳ್ತೀನಿ. ನಂಗೆ ಹೆದ್ರಿಕೆ ಆಗ್ತಿದೆ ಕಣಮ್ಮ."

ಡೋರೀನ್ ನಕ್ಕಳು. ನಗು ಅಳುವಾಯಿತು. ಮೂಗೊರೆಸಿಕೊಂಡು ತನ್ನ ಹೆಸರು, ಹುಟ್ಟಿದ ದಿನ ಎಲ್ಲ ಕ್ರಮಪ್ರಕಾರ ತುಂಬಿ, ಹನ್ನೊಂದು ಹೆಜ್ಜೆ ನಡೆದಳು. ನಾನು ಕುಣಿಯದೇ ಉಳಿದದ್ದು ದೊಡ್ಡದು.

ಡಾಕ್ಟರು ದೊಡ್ಡಾಸ್ಪತ್ರೆಗೆ ಕಳಿಸಿದರು; ಎರಡು ವಾರದೊಳಗೆ ಅಲ್ಲಿಯವರು ಮೂಗಿನಿಂದ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಕ್ಯಾನ್ಸರ್ ಅಲ್ಲ! ಮಾತಾಡಿ ಮಾತಾಡಿ ಗಂಟಲೊಳಗೆ ಜಡ್ಡುಗಟ್ಟಿತ್ತು, ಅಷ್ಟೇ. ಮೂರು ವಾರ ಒಂದಕ್ಷರ ಆಡಕೂಡದು ಎಂದರು. ಕೇಳಿದವರಿಗೆಲ್ಲ ಹೇಳಿಬಿಡು ಎಂದು ಅವಳು ನನಗೆ ಚೀಟಿ ಬರೆದುಕೊಟ್ಟಳು.

ಮರುದಿನ ಎಂಟಕ್ಕೆ ಅವಳ ಕುರ್ಚಿಯಲ್ಲಿ ನಾನು. ಮೊದಲಿಗ ವಿಲ್ಫನೇ. ಅವಳಿಗೇನಾಯ್ತು ಎಂದ, ಹೇಳಿದೆ, ಫೋನಿಟ್ಟ. ಎರಡನೆಯವರೂ ಅದನ್ನೇ ಕೇಳಿ ಇಟ್ಟರು. ಮೂರನೆಯವರೂ ಅಷ್ಟೇ. ಹೀಗೆ ಮೂವತ್ನಾಲ್ಕು ಜನ! ಡಾಕ್ಟರು ಬೇಕೆಂದವರು ನಡುನಡುವೆ ಐದಾರು ಮಂದಿ. ಒಂಬತ್ತು ಗಂಟೆಗೆ ಡಾಕ್ಟರು ಹೊರಗೆ ಬಂದು, ಇಷ್ಟೊಂದು ಸಮಯ ಖಾಲಿ ಉಳಿದಿದೆಯಲ್ಲ, ಫೋನ್ ಕೆಟ್ಟಿದೆಯೇ ಎಂದು ಕೇಳಿದರು. ನಾನು ಡೋರೀನಳ ಚೀಟಿಯನ್ನು ಅವರ ಕೈಗಿಟ್ಟು, ಮತ್ತೆ ಹೊಡೆದುಕೊಂಡ ಫೋನ್ ಎತ್ತಿದೆ.