ಗೇರ್ ತಿರುಗಿಸಿದ್ದನ್ನು ಶ್ರೀಕಂಠನಿಗೆ ಹೇಳಲಿಲ್ಲ

ಶ್ರೀಕಂಠನಿಗೆ ನಾನು ಹೇಳಿರಲಿಲ್ಲ. ಹೇಳಿದ್ದೆ ಎಂದು ಅವನ ಹೆಂಡತಿಯ ಎದುರು, ಬೈಕಿನ ಯಜಮಾನರ ಎದುರು, ಚಾಮರಾಜಪೇಟೆಯ ನನ್ನ ಗ್ಯಾರೇಜಿಗೆ ಬಂದುಹೋದ ಎಲ್ಲರ ಎದುರು ಎಂಟು ವರ್ಷ ಹೇಳಿಕೊಂಡು ಬಂದೆ — ಅದು ಸುಳ್ಳು. ಮರೆತು ಬಿಟ್ಟದ್ದೂ ಅಲ್ಲ. ಬೇಕೆಂದೇ ಹೇಳಲಿಲ್ಲ.

ಏನನ್ನು ಎಂದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ರೂಢಿ ಗೊತ್ತಿರಬೇಕು. ಆಗೆಲ್ಲ ಒಂದೊಂದು ಬೈಕಿಗೆ ಒಂದೊಂದು ಥರ ಗೇರ್. ಕೆಲವಕ್ಕೆ ಕಾಲಲ್ಲಿ ಲಿವರನ್ನು ಎಲ್ಲಕ್ಕೂ ಕೆಳಗೆ ಒತ್ತಬೇಕು, ಕೆಲವಕ್ಕೆ ಎಲ್ಲಕ್ಕೂ ಮೇಲೆತ್ತಬೇಕು, ಹಳೆಯ ಗಾಡಿಗಳಿಗಂತೂ ಬಲಗಾಲಲ್ಲಿ. ಹಾಗಾಗಿ ಯಾರ ಕೈಗೆ ಬೈಕು ಕೊಟ್ಟರೂ ಮೊದಲ ಮಾತು ಅದೇ — 'ಒಂದು ಕೆಳಗೆ, ಮಿಕ್ಕಿದ್ದು ಮೇಲೆ ಗುರು.' ಬ್ರೇಕ್ ಸರಿಯಿಲ್ಲ ಎಂಬುದನ್ನು ಬೇಕಾದರೆ ಆಮೇಲೆ ಹೇಳುತ್ತಿದ್ದೆವು, ಗೇರ್ ಹೇಳದೆ ಬೈಕು ಬಿಟ್ಟುಕೊಡುತ್ತಿರಲಿಲ್ಲ. ಹದಿನೈದನೇ ವಯಸ್ಸಿನಿಂದ ಸ್ಪ್ಯಾನರ್ ಹಿಡಿದವನು ನಾನು. ಒಂದೇ ಒಂದು ಸಲ ಆ ರೂಢಿ ಮುರಿದೆ.

ಶ್ರೀಕಂಠ ಗವಿಪುರಂನವನು. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ರಜೆ ಬಂದರೆ ನಾನು ತಯಾರು ಮಾಡಿದ ಬೈಕುಗಳನ್ನು ರೇಸಿನಲ್ಲಿ ಓಡಿಸುವವನು. ತೊಂಬತ್ತರ ದಶಕ ಪೂರ್ತಿ ನಾವಿಬ್ಬರೂ ಜೋಡೆತ್ತು. ಅವನ ನೆನಪಿನ ಶಕ್ತಿ ಎಂದರೆ — ನಾಲ್ಕು ವರ್ಷದ ಹಿಂದೆ ಯಾವ ರೇಸಿನಲ್ಲಿ ಯಾವ ಟೈರಿಗೆ ಎಷ್ಟು ಗಾಳಿ ಹಾಕಿದ್ದೆವು ಎಂದು ಕೇಳಿದರೆ ಕಾಫಿ ಲೋಟ ಕೆಳಗಿಡದೆ ಹೇಳುತ್ತಿದ್ದ. ಪಾಠಕ್ಕೂ ಪುಸ್ತಕ ಒಯ್ಯುತ್ತಿರಲಿಲ್ಲವಂತೆ. ಅವನಿಗಿದ್ದ ಒಂದೇ ಜಂಭ ಅದು. ನಾನೋ, ನಿನ್ನೆ ಬಿಚ್ಚಿದ ನಟ್ಟು ಎಲ್ಲಿಟ್ಟೆನೆಂದು ಇವತ್ತು ಹುಡುಕುವವನು.

ಎರಡು ಸಾವಿರದ ಇಸವಿ ಕಳೆದ ಮೇಲೆ ಮಲ್ಲೇಶ್ವರದ ರೇಷ್ಮೆ ವ್ಯಾಪಾರಿಯೊಬ್ಬರು ಇಟಲಿಯಿಂದ ಒಂದು ಬೈಕು ತರಿಸಿ ನನ್ನ ಗ್ಯಾರೇಜಿನಲ್ಲಿ ಇಳಿಸಿದರು. ಕನ್ನಡಿಯಿಲ್ಲ, ಹಾರ್ನ್ ಇಲ್ಲ, ದೀಪವಿಲ್ಲ, ಹಿಂದೆ ಇನ್ನೊಬ್ಬರು ಕೂರಲು ಸೀಟಿಲ್ಲ. ರೇಸ್ ಟ್ರ್ಯಾಕಿಗೆ ಬೇಡದ್ದು ಒಂದು ಗುಲಗಂಜಿಯಷ್ಟೂ ಇರಲಿಲ್ಲ. ಮುಂದಿನ ಚಕ್ರ ಬಿಚ್ಚಿ ಎತ್ತಿದೆ, ಮೆಗ್ನೀಸಿಯಮ್ಮಿನದು — ಎರಡು ಬೆರಳಿಗೆ ಬಂತು. ಬೋಲ್ಟುಗಳ ತಲೆಯಲ್ಲಿ ಸಣ್ಣ ತೂತು ಕೊರೆದು, ಅದುರಿ ಸಡಿಲವಾಗದಿರಲೆಂದು ಒಂದನ್ನೊಂದು ತಂತಿಯಲ್ಲಿ ಹೆಣೆದಿದ್ದರು, ಹೂವಾಡಗಿತ್ತಿಯರು ಕಟ್ಟುವಷ್ಟು ಅಚ್ಚುಕಟ್ಟಾಗಿ. ಕ್ಲಚ್ಚು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚು. ಸ್ಟಾರ್ಟ್ ಮಾಡಿ ಸುಮ್ಮನೆ ಬಿಟ್ಟರೆ ಕಟಕಟ ಎನ್ನುತ್ತಿತ್ತು. 'ಏನ್ ಮಂಜಣ್ಣ, ಫಾರಿನ್ ಗಾಡಿ ಅಂತೀರ, ಕೆಟ್ಟೋಗಿರೋ ಹಿಟ್ಟಿನ ಗಿರಣಿ ಥರ ಬಡ್ಕೊಳ್ತಿದೆ' ಎಂದು ಪಕ್ಕದ ದಿನಸಿ ಅಂಗಡಿಯವರು ನಕ್ಕಿದ್ದರು. ಥ್ರಾಟಲ್ ತಿರುಗಿಸಿದೆ. ಆಮೇಲೆ ಅವರು ನಗಲಿಲ್ಲ.

ಆ ಬೈಕನ್ನು ನಾನು ಪ್ರೀತಿಸಿದೆ. ಅದನ್ನು ಟ್ರ್ಯಾಕಿನಲ್ಲಿ ಮೊದಲ ಸಲ ಓಡಿಸಲಿದ್ದವನು ಮಾತ್ರ ಶ್ರೀಕಂಠ. ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹೊರಡುವ ಹಿಂದಿನ ವಾರ ಅವನು ಯಜಮಾನರ ಎದುರಿಗೇ ಬಗ್ಗಿ ಚೈನ್ ಮುಟ್ಟಿ ನೋಡಿದ.

'ಚೈನ್ ಟೈಟ್ ಆಯ್ತಲ್ಲೋ ಮಂಜಾ. ಮೂರು ವರ್ಷದ ಹಿಂದೆ ಶಿವರಾತ್ರಿ ವಾರ ನೀನು ಇದೇ ತಪ್ಪು ಮಾಡಿದ್ದೆ, ಬೇರಿಂಗ್ ಹೋಯ್ತು. ನೆನಪಿಲ್ವಾ?'

ಯಜಮಾನರು ಹೊಟ್ಟೆ ಹಿಡಿದು ನಕ್ಕರು. 'ಮೇಷ್ಟ್ರು ಮೆಕ್ಯಾನಿಕ್ಕಿಗೂ ಪಾಠ ಮಾಡ್ತಾರಪ್ಪ!' ಶ್ರೀಕಂಠ ಹೇಳಿದ್ದು ನಿಜವಾಗಿತ್ತು. ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ರೇಸಿನವರು ಗೇರನ್ನು ತಿರುಗಿಸಿ ಹಾಕಿಕೊಳ್ಳುವುದುಂಟು — ಒಂದು ಮೇಲೆ, ಮಿಕ್ಕಿದ್ದು ಕೆಳಗೆ. ಎಡತಿರುವಿನಲ್ಲಿ ಬೈಕು ಪೂರ್ತಿ ವಾಲಿದಾಗ ಲಿವರಿನ ಕೆಳಗೆ ಪಾದ ತೂರಿಸಲು ಜಾಗವಿರುವುದಿಲ್ಲ. ಮೇಲಿಂದ ಒತ್ತುವುದು ಸುಲಭ. ಶ್ರೀಕಂಠನಿಗೆ ಅದರ ಅಭ್ಯಾಸವಿರಲಿಲ್ಲ. ಟ್ರ್ಯಾಕಿನಲ್ಲಿ ಅವನು ಚರ್ಮದ ಸೂಟಿನೊಳಗೆ ಮೈ ತೂರಿಸಲು ಒದ್ದಾಡುತ್ತಿದ್ದಾಗ ನಾನು ಐದೇ ನಿಮಿಷದಲ್ಲಿ ಆ ಕೆಲಸ ಮುಗಿಸಿದೆ. ನನ್ನ ಎಣಿಕೆ ಇಷ್ಟು: ಲಿವರ್ ಕೆಳಗೊತ್ತಿ, ಒಂದು ಎಂದುಕೊಂಡು ಎರಡನೇ ಗೇರಿಗೆ ಹಾಕುತ್ತಾನೆ, ಬೈಕು ಮುಗ್ಗರಿಸಿ ಆಫ್ ಆಗುತ್ತದೆ, ಯಜಮಾನರು ನಗುತ್ತಾರೆ. ಈ ಸಲ ಅವನನ್ನು ನೋಡಿ ನಗಲಿ.

ಬೈಕು ಅವನ ಕೈಗೆ ಕೊಟ್ಟೆ. ಅವನು ಕೇಳಲಿಲ್ಲ. ಏನಾದರೂ ಬದಲಾಗಿದ್ದರೆ ಮಂಜ ಹೇಳುತ್ತಾನೆ — ಹನ್ನೆರಡು ವರ್ಷದ ನಂಬಿಕೆ ಅದು.

ಬೈಕು ಮುಗ್ಗರಿಸಲಿಲ್ಲ. ಅಷ್ಟು ಬಲದ ಇಂಜಿನ್, ಎರಡನೇ ಗೇರಿನಲ್ಲೇ ಎಳೆದುಕೊಂಡು ಹೊರಟಿತು. ಇಂಥ ಬೈಕು ಮೊದಲ ಗೇರಿನಲ್ಲೇ ಇಷ್ಟು ದೂರ ಎಳೆಯುತ್ತದೆ ಎಂದುಕೊಂಡಿರಬೇಕು ಅವನು. ಕೂಗಿ ನಿಲ್ಲಿಸಲು ಸಮಯವಿತ್ತು. ಇನ್ನೂ ನನ್ನಿಂದ ಹತ್ತು ಮಾರು ದೂರದಲ್ಲಿದ್ದ. ಬಾಯಿ ತೆರೆದೆ, ಮುಚ್ಚಿದೆ. ದಾರಿ ನೇರವಾದೊಡನೆ ಥ್ರಾಟಲ್ ಪೂರ್ತಿ ತಿರುಗಿಸಿ, ಮುಂದಿನ ಗೇರಿಗೆಂದು ಲಿವರ್ ಎತ್ತಿದ. ಗೇರ್ ಒಂದಕ್ಕೆ ಇಳಿಯಿತು. ಹಿಂದಿನ ಚಕ್ರ ಕಟ್ಟಿಹಾಕಿದಂತೆ ನಿಂತು, ಬೈಕು ಅವನನ್ನು ಎತ್ತಿ ಒಗೆಯಿತು.

ಆಸ್ಪತ್ರೆಯಲ್ಲಿ ಸಂಜೆ ಅವನಿಗೆ ಸರಿಯಾಗಿ ಎಚ್ಚರವಾಯಿತು. ಭುಜದ ಮೂಳೆ ಮುರಿದಿತ್ತು, ತಲೆಗೂ ಪೆಟ್ಟು. ಬೆಳಗಿನ ಒಂದೆರಡು ಗಂಟೆ ನೆನಪಿಗೆ ಬಾರದಿರಬಹುದು ಎಂದು ಡಾಕ್ಟರು ಅವನ ಹೆಂಡತಿ ವಸುಧಾಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅದನ್ನು ಕೇಳಿರದಿದ್ದರೆ ಮುಂದೆ ನಾನು ಆಡಿದ ಸುಳ್ಳು ನನ್ನ ಬಾಯಿಗೆ ಬರುತ್ತಿತ್ತೋ ಇಲ್ಲವೋ — ಬರುತ್ತಿತ್ತು. ನಾನು ಅಂಥವನೇ.

'ಗೇರ್ ಉಲ್ಟಾ ಇತ್ತಂತೆ ಮಂಜಾ, ಬೈಕ್ ಎತ್ತಿದವ್ರು ನೋಡಿದ್ರಂತೆ. ನಂಗ್ಯಾಕೋ ಹೇಳ್ಲಿಲ್ಲ?'

ಯಜಮಾನರು ನನ್ನ ಕಡೆ ತಿರುಗಿದರು.

'ಹೇಳಿದ್ನಲ್ಲೋ ಶ್ರೀಕಿ. ಬೆಳಗ್ಗೆ ಎರಡು ಸಲ ಹೇಳ್ದೆ. ಮರ್ತೋಯ್ತಾ?'

ಅವನು ಕಣ್ಣು ಮುಚ್ಚಿ ತನ್ನೊಳಗೆ ಹುಡುಕಿದ. ಎಲ್ಲವೂ ಇಟ್ಟಲ್ಲೇ ಸಿಗುತ್ತಿದ್ದ ಆ ತಲೆಯಲ್ಲಿ ಮೊದಲ ಸಲ ಏನೂ ಸಿಗಲಿಲ್ಲ. ಮುಖ ಸಣ್ಣದಾಯಿತು. ನನಗೆ ಆಗ ಭಯವಾಗಿತ್ತು, ಜೊತೆಗೆ ಸಂತೋಷವೂ ಆಯಿತು. ಹೌದು, ಸಂತೋಷವಾಯಿತು.

ಮೂಳೆ ಮೂರು ತಿಂಗಳಿಗೆ ಕೂಡಿತು. ರೇಸ್ ಬಿಟ್ಟ, ಅದು ಹೋಗಲಿ. ತಲೆ ಕೈಕೊಟ್ಟಿದೆ ಎಂದು ನಂಬಿದ. ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತ ನಡುವೆ ನಿಂತು, ಹಿಂದಿನ ಸಾಲು ಸರಿಯೋ ತಪ್ಪೋ ಎಂದು ಮಕ್ಕಳನ್ನೇ ಕೇಳತೊಡಗಿದನಂತೆ. ಎರಡು ವರ್ಷಕ್ಕೆ ಪಾಠ ಬಿಟ್ಟು ಅದೇ ಕಾಲೇಜಿನ ಆಫೀಸಿನಲ್ಲಿ ಕೂತ. ಗ್ಯಾಸ್ ಆರಿಸಿದೆನಾ ಎಂದು ಬೀದಿ ಕೊನೆಯಿಂದ ಮೂರು ಸಲ ವಾಪಸು ಹೋಗುತ್ತಾನೆಂದು ವಸುಧಾ ನನ್ನ ಹತ್ತಿರವೇ ಹೇಳಿಕೊಂಡು ಅತ್ತಳು. 'ನೀವಾದ್ರೂ ಬುದ್ಧಿ ಹೇಳಿ ಮಂಜಣ್ಣ, ನಿಮ್ಮ ಮಾತು ಕೇಳ್ತಾರೆ.' ನಾನೇನು ಮಾಡಿದೆ? ಗಾಯದ ಮೇಲೆ ಬರೆ ಎಳೆದೆ. ಅವನು ಗ್ಯಾರೇಜಿಗೆ ಬಂದಾಗಲೆಲ್ಲ ನಾಲ್ಕು ಜನರೆದುರು, 'ಮೇಷ್ಟ್ರಿಗೆ ಇವತ್ತು ಮನೆ ದಾರಿ ನೆನಪಿದ್ಯೋ?' ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಕಳೆದ ತಿಂಗಳು ಗವಿಪುರಂನ ಅವನ ಮನೆಗೆ ಹೋದೆ. ಯಾಕೆ ಈಗ ಎಂದರೆ ದೊಡ್ಡ ಕಾರಣವಿಲ್ಲ. ಹಿಂದಿನ ದಿನ ಗ್ಯಾರೇಜಿನಲ್ಲಿ ತನ್ನ ಸ್ಕೂಟರ್ ಎದುರೇ ನಿಂತು, ಇದು ನಂದೇನಾ ಎಂದು ನನ್ನನ್ನು ಕೇಳಿದ್ದ. ಗಂಡಹೆಂಡತಿ ಇಬ್ಬರನ್ನೂ ಕೂರಿಸಿ, ಇಲ್ಲಿ ಬರೆದದ್ದಷ್ಟನ್ನೂ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೇ ಹೋಗಿದ್ದೆ.

ವಸುಧಾ ಎದ್ದು ಒಳಗೆ ಹೋದಳು. ಶ್ರೀಕಂಠ ನನ್ನ ಕೈ ಹಿಡಿದುಕೊಂಡ.

'ನೀನು ಒಳ್ಳೆಯವ್ನು ಕಣೋ. ನನ್ನ ಸಮಾಧಾನಕ್ಕೆ ತಪ್ಪು ನಿನ್ನ ಮೇಲೆ ಹಾಕ್ಕೊಳ್ತಿದೀಯ. ಬೇಡ. ನಂಗೆ ಎಲ್ಲಾ ವಾಪಸ್ ನೆನಪಾಗಿದೆ. ಟೆಂಟ್ ಪಕ್ಕ ನಿಂತಿದ್ದೆ ನೀನು, ಕೈಯಲ್ಲಿ ಹಳದಿ ಬಟ್ಟೆ ಇತ್ತು. ಒಂದು ಮೇಲೆ, ಮಿಕ್ಕಿದ್ದು ಕೆಳಗೆ ಅಂದೆ. ಎರಡು ಸಲ ಅಂದೆ. ಕಣ್ಣಿಗೆ ಕಟ್ಟಿದ ಹಾಗಿದೆ.'

ಅಲ್ಲಿ ಟೆಂಟ್ ಇರಲಿಲ್ಲ. ಹಳದಿ ಬಟ್ಟೆಯೂ ಇರಲಿಲ್ಲ. ಎಂಟು ವರ್ಷ ಹುಡುಕಿ ಹುಡುಕಿ, ಸಿಗದೇ ಹೋದದ್ದನ್ನು ಅವನೇ ಮಾಡಿಕೊಂಡಿದ್ದಾನೆ — ನನ್ನನ್ನು ಸುಳ್ಳನನ್ನಾಗಿ ಮಾಡಬಾರದೆಂದು.

ಅದಕ್ಕೇ ಇದನ್ನು ಹೆಸರು ಹಾಕಿ ಬರೆಯುತ್ತಿದ್ದೇನೆ. ಯಜಮಾನರಿಗೆ ಒಂದು ಪ್ರತಿ ಕೊಡುತ್ತೇನೆ, ಗ್ಯಾರೇಜಿನ ಬಾಗಿಲಿಗೂ ಅಂಟಿಸುತ್ತೇನೆ. ವಸುಧಾ ನನ್ನೊಡನೆ ಮಾತಾಡುವುದಿಲ್ಲ, ಅವಳು ನಾನು ಹೇಳಿದ್ದನ್ನು ನಂಬಿದ್ದಾಳೆ. ಅವನಿಗೆ ಮಾತ್ರ ದಿನಾ ಹೋಗಿ ಹೇಳುತ್ತಿದ್ದೇನೆ. ಇವತ್ತು ಬೆಳಗ್ಗೆಯೂ ಹೋಗಿದ್ದೆ. ಕಾಫಿ ಕೊಟ್ಟ, ಪೂರ್ತಿ ಕೇಳಿದ, 'ಪಾಪ, ಎಷ್ಟು ಕಷ್ಟಪಡ್ತೀಯೋ ನನಗೋಸ್ಕರ' ಎಂದ.