ಚಹಾದಂಗಡಿಯಲ್ಲಿ ಹಾಕಿದ ಸಹಿ

ನನ್ನ ಚಹಾದಂಗಡಿ ಒಂದು ಪೊಲೀಸ್ ಠಾಣೆಯ ಎದುರಿಗಿದೆ. ಯಾವ ಠಾಣೆ ಎಂದು ಬರೆಯುವುದಿಲ್ಲ; ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತ ಠಾಣೆಗಳಿಗೇನು ಬರವಿಲ್ಲ.

ಪೊಲೀಸರು ಮಾಲು ಜಪ್ತಿ ಮಾಡಿದರೆ ಅದನ್ನು ಕಣ್ಣಾರೆ ಕಂಡ ಇಬ್ಬರು ಪಂಚರು ಪಂಚನಾಮೆಗೆ ಸಹಿ ಹಾಕಬೇಕು. ನಮ್ಮಲ್ಲಿ ಪೇದೆ ಬರೆದ ಕಾಗದ ಹಿಡಿದು ರಸ್ತೆ ದಾಟಿ ಬರುತ್ತಿದ್ದ. ನಾನು ಒಂದು ಕೈಯಲ್ಲಿ ಹಾಲು ತಿರುವುತ್ತ ಇನ್ನೊಂದು ಕೈಯಲ್ಲಿ ಸಹಿ ಗೀಚುತ್ತಿದ್ದೆ. ಪಕ್ಕದ ಪಂಕ್ಚರ್ ಅಂಗಡಿಯವನು ಎರಡನೆಯ ಪಂಚ. ನಿಜಾಮರ ಕಾಲದಲ್ಲಿ ಗುರುಗುಂಟಾದಲ್ಲಿದ್ದ ನನ್ನ ಅಜ್ಜ ಉರ್ದು ಪಂಚನಾಮೆಗಳಿಗೆ ಹೆಬ್ಬೆಟ್ಟು ಒತ್ತುತ್ತಿದ್ದನಂತೆ. ಮನೆಮಾತು ದಖನಿ ಉರ್ದುವಾದರೂ ಅವನಿಗೆ ಓದು ಬರುತ್ತಿರಲಿಲ್ಲ. ನನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆದರೂ ಓದಲಿಲ್ಲ. ಅಜ್ಜನಿಗಿಂತ ನಾನೇ ದೊಡ್ಡ ಗಾಂಪ.

ಒಂದು ದಿನ ಕೋರ್ಟಿನಿಂದ ಸಮನ್ಸ್ ಬಂತು. ವಳಕಮದಿನ್ನಿಯ ಒಬ್ಬ ಕೂಲಿ ಹೆಂಗಸಿನ ಮೇಲೆ ನೀರೆತ್ತುವ ಮೋಟಾರು ಕದ್ದ ಆರೋಪ. ಅದು ಅವಳ ಮನೆಯಲ್ಲಿ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ ಎಂದು ಪಂಚನಾಮೆ ಹೇಳುತ್ತಿತ್ತು. ಹಿಂದಿನ ಸಣ್ಣಪುಟ್ಟ ಕೇಸುಗಳಲ್ಲಿ ಆರೋಪಿಗಳು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಿದ್ದರು, ನನ್ನನ್ನು ಯಾರೂ ಕರೆದಿರಲಿಲ್ಲ. ಈಕೆ ಒಪ್ಪಿರಲಿಲ್ಲ.

ಪೇದೆ ಮುಂಚೆಯೇ ಬಂದು, ಹೌದು ಅಂದರೆ ಐದು ನಿಮಿಷದ ಕೆಲಸ ಎಂದ. ನನ್ನ ಅಂಗಡಿ ಸರ್ಕಾರಿ ರಸ್ತೆಯ ಅಂಚಿನಲ್ಲಿದೆ ಎಂಬುದನ್ನೂ ನೆನಪಿಸಿದ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಕಟಕಟೆಯಲ್ಲಿ ನನ್ನಿಂದ ಪ್ರಮಾಣ ಮಾಡಿಸಿದರು. ಆಕೆ ಎದುರಿಗೆ ನಿಂತು, ಇವನಾರು ಎಂಬಂತೆ ನನ್ನನ್ನು ನೋಡುತ್ತಿದ್ದಳು. ನನ್ನ ಒಂದು ಮಾತಿಗೆ ಜೈಲು ಸೇರಬೇಕಾದವಳಿಗೆ ನನ್ನ ಮುಖವೇ ಗೊತ್ತಿರಲಿಲ್ಲ. ಆಗ ನನಗಾದ ನಾಚಿಕೆ ಹೆದರಿಕೆಯನ್ನು ನುಂಗಿಹಾಕಿತು.

ಸರ್ಕಾರಿ ವಕೀಲರು ಸಹಿ ನಿನ್ನದೇನು ಎಂದು ಕೇಳಿದರು.

“ನಂದ ಐತ್ರಿ. ಆದ್ರ ನಾ ಈಕಿ ಮನಿಗೆ ಹೋಗೇ ಇಲ್ರಿ ಸಾಹೇಬ್ರ. ಚಹಾದಂಗಡ್ಯಾಗ ನಿಂತು ಸಹಿ ಹಾಕೀನ್ರಿ.”

ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದರು, ದುಡ್ಡು ತಿಂದಿದ್ದೀಯ ಎಂದರು. ಇಂಥ ಸಹಿ ಎಷ್ಟು ಹಾಕಿದ್ದೀಯ ಎಂದು ನ್ಯಾಯಾಧೀಶರು ಕೇಳಿದಾಗ, ಲೆಕ್ಕ ಇಟ್ಟಿಲ್ಲ ಎಂದೆ. ಕೋರ್ಟು ನಕ್ಕಿತು, ಅವರು ನಗಲಿಲ್ಲ. ತುಂಬಿದ ಕೋರ್ಟಿನಲ್ಲಿ ಬೈಸಿಕೊಂಡು ಹೊರಬಂದೆ, ಎದೆ ಮಾತ್ರ ಹೂವಿನಷ್ಟು ಹಗುರಾಗಿತ್ತು. ನನ್ನ ಹಿಂದೆ ಪಂಕ್ಚರಿನವನೂ ನಿಜವನ್ನೇ ಹೇಳಿದ. ಕೆಲವು ವಾಯಿದೆಗಳ ನಂತರ ಆಕೆ ಬಿಡುಗಡೆಯಾದಳು.

ಠಾಣೆಯವರು ಕೆಲವು ತಿಂಗಳು ನನ್ನ ಚಹಾ ಬಿಟ್ಟರು. ಮತ್ತೆ ಪೇದೆ ಕಾಗದ ತಂದಾಗ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಜಾಗ ತೋರಿಸಿರಿ ಎಂದೆ. ಈಗಂತೂ ಹೊಸ ಕಾನೂನು ಬಂದು ಜಪ್ತಿಯನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ನಾನೂ ಅದರಲ್ಲಿ ನೆಟ್ಟಗೆ ನಿಂತಿರುತ್ತೇನೆ.

ಬಿಡುಗಡೆಯಾದ ವಾರದಲ್ಲೇ ಆಕೆ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಕೈಮುಗಿಯಲಿಲ್ಲ, ಹೊಗಳಲಿಲ್ಲ.

“ನಮ್ಮ ಮನಿ ನೋಡೀನಿ ಅಂತ ಬರೆದುಕೊಟ್ಟಿದ್ದಿಯಲ್ಲಣ್ಣಾ, ಈಗರೆ ಬಂದು ನೋಡು,” ಎಂದಳು.

ಹೋದೆ. ಪಂಚನಾಮೆಯಲ್ಲಿ ಪೂರ್ವಕ್ಕೆ ಬಾಗಿಲಿರುವ ಮನೆ ಎಂದು ಬರೆದಿತ್ತು. ಬಾಗಿಲು ಉತ್ತರಕ್ಕಿತ್ತು. ನಾವಿಬ್ಬರೂ ಅದರ ಮುಂದೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.