ಏನೂ ಅನ್ನಿಸದ ಡೋಲಿನಾ

ಅಳುವವರನ್ನು ಕಂಡರೆ ಡೋಲಿನಾಗೆ ಆಗುತ್ತಿರಲಿಲ್ಲ. ಲೂಯಿಸ್ ದ್ವೀಪದ ಪಡುವಣ ಕಡಲಂಚಿನ ಆ ಊರಿನಲ್ಲಿ ವರ್ಷಕ್ಕೆರಡು ಬಾರಿ ಕರ್ತನ ಭೋಜನದ ಕೂಟ ಕೂಡುತ್ತಿತ್ತು. ಗುರುವಾರದಿಂದ ಸೋಮವಾರದವರೆಗೆ ಉಪದೇಶವೋ ಉಪದೇಶ. ಆ ಐದೂ ದಿನ ಕರವಸ್ತ್ರಕ್ಕೆ ಮೂಗು ಒತ್ತಿಕೊಂಡು ಬಿಕ್ಕುವ ಹೆಂಗಸರನ್ನು ಅವಳು ಹಿಂದಿನ ಬೆಂಚಿನಿಂದ, ನಾರುವ ಮೀನನ್ನು ನೋಡುವಂತೆ ನೋಡುತ್ತಿದ್ದಳು. ಹರೆಯದಲ್ಲಿ ಹನ್ನೊಂದು ವರ್ಷ ಬಂದರಿನಿಂದ ಬಂದರಿಗೆ ಅಲೆದು ಹೆರಿಂಗ್ ಮೀನು ಸೀಳಿದವಳು. ಕಣ್ಣು ಹೊಳೆದರೆ ಸಾಲದು, ಕಿವಿರು ಎತ್ತಿ ನೋಡಬೇಕು ಎಂದು ಬಲ್ಲವಳು.

ಐವತ್ತೆಂಟು ತುಂಬಿದರೂ ಅವಳು ಒಮ್ಮೆಯೂ ಕರ್ತನ ರೊಟ್ಟಿ ತಿನ್ನಲು ಭೋಜನದ ಮೇಜಿಗೆ ಹೋಗಿರಲಿಲ್ಲ. ಆ ಸೀಮೆಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ತನಗೆ ರಕ್ಷಣೆ ಸಿಕ್ಕಿದೆಯೋ ಇಲ್ಲವೋ ತಿಳಿಯದೆ, ಆ ರೊಟ್ಟಿ ಮುಟ್ಟದೆಯೇ ಸಾಯುವವರೇ ಹೆಚ್ಚು. ಕೆಲವರಂತೂ ಆ ಸಂದೇಹವನ್ನೇ ಭಾನುವಾರದ ಕೋಟಿನಂತೆ ತೊಟ್ಟು ಮೆರೆಯುತ್ತಿದ್ದರು. ಅವರ ಮೇಲೂ ಡೋಲಿನಾಗೆ ತಾತ್ಸಾರ. ತನ್ನದು ಸೋಗಲ್ಲ, ತನ್ನೊಳಗೆ ನಿಜಕ್ಕೂ ಏನೂ ನಡೆದಿಲ್ಲ. ಎದೆ ಬೆಚ್ಚಗಾಗಿಲ್ಲ, ಬೆಳಕು ಕಂಡಿಲ್ಲ. ಆದರೆ ಆ ಮಾರ್ಚಿನಲ್ಲಿ ಬಾವಿಯಿಂದ ನೀರು ತರುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಹೀಗೇ ಸತ್ತರೆ ಎಲ್ಲಿಗೆ ಎಂಬ ಯೋಚನೆ ಅವಳನ್ನು ಬಿಡುತ್ತಿರಲಿಲ್ಲ.

ಬೆಳಕು ಕಂಡವಳು ಬಾರಬಲ್, ಅವಳ ನಾದಿನಿ. ಹದಿನೇಳಕ್ಕೇ ಮೇಜಿಗೆ ಹೋದವಳು. ಪ್ರತಿ ಕೂಟದಲ್ಲೂ ಒಮ್ಮೆ ಮೂರ್ಛೆ ಹೋಗದೆ ಮನೆಗೆ ಮರಳಿದವಳಲ್ಲ. ಡೋಲಿನಾಳ ಗಂಡ ಕ್ಷಯದಿಂದ ತೀರಿಕೊಂಡಾಗ ಶವದ ಪಕ್ಕದಲ್ಲೇ ಆಕೆ ಹೇಳಿದ್ದಳು: "ನಮ್ಮಣ್ಣ ಹೋಗೋ ಹೊತ್ತಿಗೆ ನನ್ನ ಎದೆಗೆ ನೆಮ್ಮದಿ ಬರಲಿಲ್ಲ. ಅವನು ರಕ್ಷಣೆ ಪಡೆದಿಲ್ಲ ಅನ್ನಿಸ್ತಾ ಇದೆ." ಅಂದಿನಿಂದ 'ಅನ್ನಿಸ್ತಾ ಇದೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಡೋಲಿನಾಳ ತುಟಿ ಸೊಟ್ಟಗಾಗುತ್ತಿತ್ತು.

ಶುಕ್ರವಾರ ಪ್ರಶ್ನೆಯ ದಿನ. ದೇವರ ನಿಜವಾದ ಮಕ್ಕಳಿಗೆ ಇರುವ ಗುರುತುಗಳೇನು ಎಂದು ಒಬ್ಬರು ಕೇಳುತ್ತಾರೆ. ಗಂಡಸರು ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ. ಹೆಂಗಸರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಅಂದು ಮಧ್ಯಾಹ್ನ ಊಟಕ್ಕೆ ಡೋಲಿನಾಳ ಮನೆಯಲ್ಲಿ, ಕೂಟಕ್ಕೆಂದು ಬಂದು ಇಳಿದುಕೊಂಡಿದ್ದ ಮುದಿ ಕುರುಬ ಟಾರ್ಕಿಲ್ ಇದ್ದ. ಅವನ ಮುಂದೆ ಆಲೂಗಡ್ಡೆ, ಕುರಿಮಾಂಸದ ಸಾರು ಇಡುತ್ತ ಅವಳು ಅಂದಳು: "ನಿಮಗೇನು, ಗಂಡಸರಿಗೆ ಮೈಯೆಲ್ಲ ಗುರುತು. ನನ್ನಲ್ಲಿ ಕೆರೆದು ನೋಡಿದ್ರೂ ಒಂದಿಲ್ಲ."

"ಎಲ್ಲಿ ಹುಡುಕ್ದೆ?"

"ಇನ್ನೆಲ್ಲಿ ಟಾರ್ಕಿಲಣ್ಣ, ಎದೇಲಿ."

"ಅಲ್ಲಿ ಸಿಕ್ಕಲ್ಲ ಬಿಡು. ಕುರಿ ಬದುಕಿದ್ಯಾ ಅಂತ ತಿಳ್ಕೊಳ್ಳೋಕೆ ನಾನು ಅದರ ಮನಸ್ಸಿಗೇನನ್ಸುತ್ತೆ ಅಂತ ಕೇಳ್ತೀನಾ? ಮೇಯುತ್ತಾ, ಕರೆದ್ರೆ ಬರುತ್ತಾ ನೋಡ್ತೀನಿ. ಅದ್ಯಾರಿಗೆ, ಆ ಡಬ್ಬಿ?"

ಡೋಲಿನಾ ತಗಡಿನ ಡಬ್ಬಿಗೆ ಸಾರು ಸುರಿಯುತ್ತಿದ್ದಳು. "ಆ ಅಳುಬುರುಕಿ ಬಾರಬಲ್‌ಗೆ. ನವೆಂಬರಲ್ಲಿ ಸೊಂಟ ಮುರ್ಕೊಂಡು ಮಲಗಿದ್ದಾಳೆ. ಈಗ ಬೆಳಕೂ ಇಲ್ವಂತೆ, ಕರ್ತ ಕೈಬಿಟ್ಟನಂತೆ. ಸೊಂಟದ ಜೊತೆ ರಕ್ಷಣೆನೂ ಮುರ್ಕೊಂಡ್ಳು ಅಂತ ಕಾಣುತ್ತೆ."

"ದಿನಾ ಯಾರು ಒಯ್ತಾರೆ?"

"ಮತ್ಯಾರು, ಕಡಲಕ್ಕಿಗಳಾ?"

"ಅವಳ ಮೇಲೆ ಅಷ್ಟು ಪ್ರೀತಿನಾ?"

"ಥೂ! ಮುಖ ಕಂಡ್ರೆ ಮೈ ಉರಿಯುತ್ತೆ."

ಟಾರ್ಕಿಲ್ ಮೂಳೆ ಕೆಳಗಿಟ್ಟ. "ಭಲೇ. ಎದೆ ಬೆಚ್ಚಗಾದ್ರೆ ಅದನ್ನ ನಂಬಬಾರ್ದು ಅಂತ ಊರಿಗೆಲ್ಲ ಹೇಳ್ತೀಯ. ಎದೆ ಉರಿದ್ರೆ ಮಾತ್ರ, ಒಳಗೇನೂ ಇಲ್ಲ ಅನ್ನೋಕೆ ಅದೇ ದೊಡ್ಡ ಸಾಕ್ಷಿ. ಎಂಥಾ ನ್ಯಾಯ ಹೇಳ್ತೀಯಮ್ಮ ನೀನು!"

ಅವಳು ಡಬ್ಬಿಯ ಮುಚ್ಚಳ ಒತ್ತಿ ಹೊರಟಳು. ಎದುರುಗಾಳಿಯಲ್ಲಿ ಹೊಲದ ಬದುವಿನ ಮೇಲೆ ಬಾರಬಲ್‌ಳ ಮನೆಗೆ ನಡೆದಳು. ಬಾರಬಲ್ ಒಂದು ಗುಟುಕು ಕುಡಿದು, "ಉಪ್ಪೇ ಇಲ್ಲ," ಎಂದಳು. ಡೋಲಿನಾ ಅವಳನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಹಾಸಿಗೆ ಬದಲಿಸಿದಳು. "ಉಪ್ಪು ನಿನ್ನ ಕಣ್ಣೀರಲ್ಲೇ ಬೇಕಾದಷ್ಟಿದೆ, ಬೆರೆಸ್ಕೊ," ಎಂದಳು.

ಹೊರಬಂದವಳು ಬಾಗಿಲ ಬಳಿ ನಿಂತಳು. ಇಪ್ಪತ್ತು ವರ್ಷಗಳ ಹಿಂದೆ ಇದೇ ಮನೆಗೆ, ಕಡಲಲ್ಲಿ ಮುಳುಗಿದ ಬಾರಬಲ್‌ಳ ಗಂಡನ ಹೆಣ ತಂದಿದ್ದರು. ಊರಿಗೆ ಊರೇ ಬಂದಿತ್ತು. ಡೋಲಿನಾ ಮಾತ್ರ, ತನ್ನ ಗಂಡನ ಶವದ ಪಕ್ಕ ಆಕೆ ಆಡಿದ ಮಾತು ನೆನೆದು, ತನ್ನ ಮನೆಯ ಪರದೆ ಎಳೆದು ಒಳಗೆ ಕೂತಿದ್ದಳು, ತೃಪ್ತಿಯಿಂದ. ಆ ತೃಪ್ತಿ ಅವಳಿಗೆ ಚೆನ್ನಾಗಿ ನೆನಪಿತ್ತು. ಅದು ಎಂದು ಹೋಯಿತೆಂದು ಎಷ್ಟು ತಡಕಿದರೂ ನೆನಪಾಗಲಿಲ್ಲ.

ಶನಿವಾರ ಅವಳು ಪಾದ್ರಿಯ ಮತ್ತು ಹಿರಿಯರ ಮುಂದೆ ನಿಂತಳು. ಇವರು ಒಪ್ಪಿ ಸೀಸದ ಬಿಲ್ಲೆ ಕೊಟ್ಟರಷ್ಟೇ ಮರುದಿನ ಮೇಜಿಗೆ ಹೋಗಬಹುದು.

"ಕರ್ತನು ನಿನ್ನ ಆತ್ಮಕ್ಕೆ ಏನು ಮಾಡಿದ್ದಾನೆ, ಹೇಳಮ್ಮ," ಎಂದರು ಪಾದ್ರಿ. ಹಿರಿಯರು ಕಣ್ಣೀರಿನ ಕಥೆಯೊಂದನ್ನು ನಿರೀಕ್ಷಿಸಿ ಮುಖ ಸಜ್ಜು ಮಾಡಿಕೊಂಡರು.

"ಗೊತ್ತಿಲ್ಲ ಅಯ್ಯನವರೇ. ನನಗೇನೂ ಅನ್ನಿಸಿಲ್ಲ."

"ಮತ್ತೆ ಯಾಕೆ ಬಂದೆ?" ಒಬ್ಬ ಹಿರಿಯ ಕೇಳಿದ.

"ನನಗಾಗದ ಒಬ್ಬಳ ಮೈ ಒರೆಸ್ತಾ ಇದ್ದೀನಿ, ನಾಲ್ಕು ತಿಂಗಳಿಂದ. ಯಾರೂ ಹೇಳಲಿಲ್ಲ. ಮೊದಲಾಗಿದ್ರೆ ಅವಳು ಕೊಳೀಲಿ ಅಂತ ಬಿಡ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಇದು ನನ್ನ ಕೆಲಸ ಅಲ್ಲ. ಹಾಗಾದ್ರೆ ಯಾರದ್ದು? ಪುಸ್ತಕ ಓದಿದೋರು ನೀವು, ನೀವೇ ಹೇಳಿ."

ಮೊದಲೇ ಕರವಸ್ತ್ರ ತೆಗೆದಿದ್ದ ಹಿರಿಯನೊಬ್ಬ ಅದನ್ನು ಏನು ಮಾಡುವುದೆಂದು ತೋಚದೆ ಮಡಚತೊಡಗಿದ. ಡೋಲಿನಾ ಅವನನ್ನು ತಿರಸ್ಕಾರದಿಂದ ನೋಡಿದಳು. ಪಾದ್ರಿ ಎದ್ದು ಬಂದು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟರು.

ಭಾನುವಾರ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ, ಇಡೀ ಊರು ನೋಡುತ್ತಿರುವಾಗ ಅವಳು ಕೂತಳು. ರೊಟ್ಟಿ ಕೈಯಿಂದ ಕೈಗೆ ಬಂತು. ಇಷ್ಟು ವರ್ಷಗಳ ಅಭ್ಯಾಸಬಲದಿಂದ, ಒಳಗೆ ಏನಾದರೂ ಆಗುತ್ತದೆಯೋ ಎಂದು ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ಅವಳು ರೊಟ್ಟಿ ಮುರಿದು ತಿಂದಳು.